ನೆಲದೊಳಗೆ ಗಾಳಿ ಇಡುವ ಮುನ್ನ

ನಿವೃತ್ತಿಗೆ ಮುಂಚಿನ ಕೊನೆಯ ಕೆಲವು ವರ್ಷ ನನಗೆ ಸಂಬಳ ಬರುತ್ತಿದ್ದದ್ದು ಅನುಮಾನಪಡುವುದಕ್ಕೆ. ಹಾಗೆಂದರೆ ಮನೆಯವರು ನಗುತ್ತಿದ್ದರು. ಆದರೆ ಕೆಲಸ ಇದ್ದದ್ದೇ ಹಾಗೆ. ಕಾರ್ಖಾನೆಯಿಂದ ಬರುವ ಇಂಗಾಲದ ಡೈಆಕ್ಸೈಡ್ ಅನಿಲವನ್ನು ಆಕಾಶಕ್ಕೆ ಬಿಡುವ ಬದಲು ನೆಲದಾಳಕ್ಕೆ ಇಳಿಸಿಬಿಟ್ಟರೆ ಅದು ಅಲ್ಲೇ ಇರುತ್ತದೆಯೇ, ಎಲ್ಲಿಂದಾದರೂ ಎದ್ದು ಬರುತ್ತದೆಯೇ, ಬಂದರೆ ಯಾರ ಬಾವಿಗೆ, ಯಾರ ಗದ್ದೆಗೆ, ಎಷ್ಟು ಕಾಲದ ಮೇಲೆ ಎಂಬುದನ್ನೆಲ್ಲ ಮೊದಲೇ ಕೂತು ಯೋಚಿಸಿ, ಅಳೆದು, ಬರೆದು ಕೊಡಬೇಕಿತ್ತು. ಈಗ ಈ ಕೆಲಸಕ್ಕೆ ಹೊಸಬರು ಬರುತ್ತಿದ್ದಾರೆ. ಕೆಲವರು ಮಂಡ್ಯದ ನಮ್ಮ ಮನೆಗೂ ಬಂದು ಕೂತು ಕೇಳುತ್ತಾರೆ. ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವುದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತು. ಕಂಪ್ಯೂಟರಿನಲ್ಲಿ ಸಿಗದೆ ಹೋದದ್ದೊಂದು ಇತ್ತು. ಅದನ್ನಷ್ಟೇ ಇಲ್ಲಿ ಬರೆಯುತ್ತೇನೆ.

ನಾನು ಹುಟ್ಟಿದ್ದು ಮಂಡ್ಯದ ಹತ್ತಿರದ ಹನಕೆರೆಯ ಕಡೆ. ಓದಿದ್ದು ಭೂವಿಜ್ಞಾನ. ಕೆಲಸದ ಬಹುಪಾಲು ವರ್ಷ ಕಳೆದದ್ದು ಬೋರ್‌ವೆಲ್‌ಗೆ ಜಾಗ ಗುರುತಿಸುವುದರಲ್ಲಿ. ನೆಲಕ್ಕೆ ನಾಲ್ಕು ಕಂಬಿ ಹೊಡೆದು, ಕರೆಂಟು ಹಾಯಿಸಿ, ಮೀಟರಿನ ಮುಳ್ಳು ನೋಡಿ, ಪೆನ್ಸಿಲ್ಲಿನಲ್ಲಿ ಗೆರೆ ಎಳೆದು, ‘ಇಲ್ಲಿ ಕೊರೀರಿ’ ಎನ್ನುತ್ತಿದ್ದೆ. ಮದ್ದೂರು, ಮಳವಳ್ಳಿ ತಾಲ್ಲೂಕುಗಳಲ್ಲಿ ನಾನು ಕಾಲಿಡದ ಊರು ಕಡಿಮೆ. ನೀರು ಬಂದ ಕಡೆ ಹಾರ ಹಾಕುತ್ತಿದ್ದರು. ಬಾರದ ಕಡೆಗೆ ನಾನು ಮತ್ತೆ ಹೋಗುತ್ತಿರಲಿಲ್ಲ. ಈ ಎರಡನೆಯ ಮಾತು ಮುಖ್ಯ.

ಕೊನೆಯ ವರ್ಷಗಳಲ್ಲಿ ನನ್ನನ್ನು ಒಂದು ಅಧ್ಯಯನ ತಂಡಕ್ಕೆ ಹಾಕಿದರು. ಮಳವಳ್ಳಿಗೂ ಮದ್ದೂರಿಗೂ ನಡುವಿನ ಒಂದು ಹಳ್ಳಿಯ ಸುತ್ತ ನೆಲದಡಿ ಕಡುಹಸಿರು ಛಾಯೆಯ ಕಪ್ಪು ಕಲ್ಲಿನ ಪಟ್ಟಿಯೊಂದು ಹಾದುಹೋಗಿದೆ. ಊರಿನ ನಿಜವಾದ ಹೆಸರು ಬೇಡ, ಕರಿಕಲ್ಲುಕೊಪ್ಪಲು ಎನ್ನೋಣ. ಸಕ್ಕರೆ ಕಾರ್ಖಾನೆಯೊಂದರಲ್ಲಿ ಕಾಕಂಬಿಯನ್ನು ಹುಳಿ ಬರಿಸಿ ಮದ್ಯಸಾರ ತೆಗೆಯುವಾಗ ಇಂಗಾಲದ ಡೈಆಕ್ಸೈಡ್ ಬುರುಗು ಬುರುಗಾಗಿ ಬರುತ್ತದೆ. ಅದನ್ನು ಹಿಡಿದು, ಸೋಡಾ ಮಾಡುವ ಹಾಗೆ ನೀರಿನಲ್ಲಿ ಕರಗಿಸಿ, ಆ ಕಪ್ಪು ಕಲ್ಲಿನ ಆಳಕ್ಕೆ ಇಳಿಸುವುದು ಯೋಜನೆ. ಅಂಥ ಕಲ್ಲಿನೊಳಗೆ ಸೋಡಾನೀರು ಸೇರಿದರೆ ಅನಿಲ ನಿಧಾನವಾಗಿ ಬಿಳಿ ಕಲ್ಲಾಗಿ ಕೂರುತ್ತದೆ. ಕಲ್ಲಾದ ಮೇಲೆ ಚಿಂತೆಯಿಲ್ಲ. ಕಲ್ಲಾಗುವ ಮುಂಚೆ ತಪ್ಪಿಸಿಕೊಂಡರೆ? ಹುಳಿಯಾದ ನೀರು ಕುಡಿಯುವ ನೀರಿಗೆ ಸೇರಿ, ಕಲ್ಲಿನಲ್ಲಿದ್ದ ಲೋಹಗಳನ್ನು ಕರಗಿಸಿ ತಂದರೆ? ಅನಿಲ ಗಾಳಿಗಿಂತ ಭಾರ, ಯಾವುದಾದರೂ ಗುಂಡಿಯಲ್ಲಿ ತುಂಬಿ ನಿಂತರೆ? ಈ ‘ರೆ’ಗಳೇ ನಮ್ಮ ಕೆಲಸ.

ತಂಡದ ಮುಖ್ಯಸ್ಥೆ ಸುಕನ್ಯಾ ಮೇಡಂ. ಮಂಡ್ಯದ ಮೇಷ್ಟರೊಬ್ಬರ ಮಗಳು, ನನಗಿಂತ ವಯಸ್ಸಿನಲ್ಲಿ ಎರಡು ವರ್ಷ ಚಿಕ್ಕವರು, ವಿದ್ಯೆಯಲ್ಲಿ ಬಹಳ ದೊಡ್ಡವರು. ಕಬ್ಬಿನ ಗರಿ ಕೈ ಕೊಯ್ಯುತ್ತದೆಂದು ಕಬ್ಬು ಕಡಿಯುವ ಹೆಂಗಸರು ಸೀರೆಯ ಮೇಲೆ ಗಂಡಸರ ತುಂಬುತೋಳಿನ ಅಂಗಿ ಹಾಕಿಕೊಳ್ಳುತ್ತಾರಲ್ಲ, ಮೇಡಂ ಕೂಡ ಗದ್ದೆಗೆ ಇಳಿಯುವಾಗ ಹಾಗೇ ಹಾಕಿಕೊಂಡು ಇಳಿಯುತ್ತಿದ್ದರು. ಮೊದಲ ದಿನ ದೂರದಿಂದ ನೋಡಿ ಕೂಲಿಯವರೆಂದೇ ತಿಳಿದು, “ಮೇಡಂ ಎಲ್ಲಿದ್ದಾರಮ್ಮ?” ಎಂದು ಅವರನ್ನೇ ಕೇಳಿದ್ದೆ. “ಇನ್ನೊಂದು ಸ್ವಲ್ಪ ಹತ್ತಿರ ಬನ್ನಿ, ಸಿಗ್ತಾರೆ” ಎಂದರು.

ಅವರದೊಂದು ಕಟ್ಟುನಿಟ್ಟಿತ್ತು. ನಮ್ಮ ವರದಿಗಳಲ್ಲಿ ‘ಸುರಕ್ಷಿತ’ ಎಂಬ ಪದ ಬಂದರೆ ಕೆಂಪು ಶಾಯಿಯಲ್ಲಿ ಸುತ್ತು ಹಾಕಿ ಕಳಿಸುತ್ತಿದ್ದರು.

“ಸಿದ್ದೇಗೌಡ್ರೇ, ಸುರಕ್ಷಿತ ಅಂದ್ರೆ ಏನು? ಯಾರಿಗೆ, ಎಷ್ಟು ದಿನ? ನಾವೇನು ನೋಡಿದ್ವಿ, ಏನು ನೋಡಿಲ್ಲ, ಅದನ್ನ ಬರೀರಿ. ಸುರಕ್ಷಿತ ಹೌದೋ ಅಲ್ವೋ ಅಂತ ಓದಿದವರು ತೀರ್ಮಾನ ಮಾಡ್ಲಿ.”

‘ಏನು ನೋಡಿಲ್ಲ’ ಎಂದು ವರದಿಯಲ್ಲಿ ಬರೆಯುವುದು ನನ್ನ ಅಷ್ಟೂ ವರ್ಷದ ನೌಕರಿಯಲ್ಲಿ ಯಾರೂ ಕೇಳದ ಸಂಗತಿ. ನಾವೆಲ್ಲ ನೋಡಿದ್ದನ್ನೇ ಸ್ವಲ್ಪ ದೊಡ್ಡದು ಮಾಡಿ ಬರೆದು ಅಭ್ಯಾಸವಾದವರು.

ಮೊದಲ ಎಡವಟ್ಟು ನನ್ನದೇ.

ಅನಿಲ ಇಳಿಸುವ ಮಾತು ಹಾಗಿರಲಿ, ಅದಕ್ಕೆ ಮುಂಚೆ ಆ ನೆಲದಿಂದ ಸಹಜವಾಗಿ ಎಷ್ಟು ಅನಿಲ ಬರುತ್ತಿದೆ ಎಂದು ವರ್ಷವಿಡೀ ಅಳೆಯಬೇಕು. ನಾಳೆ ಮೀಟರು ಏರಿದರೆ ಅದು ನಮ್ಮದೋ ನೆಲದ್ದೋ ಎಂದು ಗೊತ್ತಾಗಬೇಕಲ್ಲ. ಮೊಳಕೈಯುದ್ದದ ಕೊಳವೆಯನ್ನು ಮಣ್ಣಿಗೆ ಊರಿ, ಅದರಿಂದ ಗಾಳಿ ಎಳೆದು, ಮೀಟರಿಗೆ ತೋರಿಸುವ ಕೆಲಸ. ಒಂದು ಬೆಳಿಗ್ಗೆ ಚಿಕ್ಕತಾಯಮ್ಮ ಎಂಬಾಕೆಯ ಕಬ್ಬಿನ ಗದ್ದೆಯಲ್ಲಿ ಊರಿದರೆ ಮೀಟರು ಒಂದೇ ಸಮನೆ ಏರತೊಡಗಿತು. ಪಕ್ಕದ ಹತ್ತು ಕಡೆ ಊರಿದೆ. ಎಲ್ಲ ಕಡೆಯೂ ಹಾಗೇ. ನೆಲದಾಳದಲ್ಲಿ ದೊಡ್ಡ ಬಿರುಕೇ ಇರಬೇಕು, ಅದರಿಂದ ಅನಿಲ ತಾನಾಗೇ ಮೇಲೆ ಬರುತ್ತಿರಬೇಕು ಎಂದುಕೊಂಡೆ. ಆ ಗದ್ದೆಯ ಬದಿಯಲ್ಲೇ ಊರಿನ ಕುಡಿಯುವ ನೀರಿನ ಬೋರ್‌ವೆಲ್ಲು. ಅದರ ಮೋಟಾರಿನ ಸ್ಟಾರ್ಟರು ಇದ್ದದ್ದು ತಗ್ಗಿನಲ್ಲಿ ಕಟ್ಟಿದ ಸಣ್ಣ ಕೋಣೆಯೊಳಗೆ. ಆ ಕೋಣೆಗೆ ಅನಿಲ ತುಂಬಿದರೆ, ಮೋಟಾರು ಹಾಕಲು ಇಳಿದವರ ಗತಿ?

ನಾನು ಒಂದು ನಿಮಿಷವೂ ಯೋಚಿಸಲಿಲ್ಲ. ಪಂಚಾಯ್ತಿಗೆ ಹೇಳಿ ಕೋಣೆಗೆ ಬೀಗ ಹಾಕಿಸಿದೆ. ಎರಡು ದಿನ ಊರಿನ ಹೆಂಗಸರು ದೂರದ ತೋಟದಿಂದ ನೀರು ಹೊತ್ತರು. ‘ನೆಲದಿಂದ ವಿಷದ ಗಾಳಿ ಬತ್ತಾ ಅದಂತೆ’ ಎಂದು ಸುದ್ದಿ ಹಬ್ಬಿ, ದನಗಳನ್ನು ಆ ಕಡೆಗೆ ಬಿಡುವುದನ್ನೂ ನಿಲ್ಲಿಸಿದರು.

ಮೂರನೆಯ ದಿನ ಮೇಡಂ ಬಂದರು. ನನ್ನ ಕಾಗದಗಳನ್ನು ನೋಡಲಿಲ್ಲ. ನೇರ ಗದ್ದೆಗೆ ಹೋಗಿ, ಬದುವಿನ ಮೇಲೆ ನಿಂತಿದ್ದ ಚಿಕ್ಕತಾಯಮ್ಮನನ್ನು ಕೇಳಿದರು. “ಅಮ್ಮ, ಈ ಗದ್ದೆಗೆ ಈಚೆಗೆ ಏನು ಹಾಕಿದ್ರಿ?”

“ಏನ್ ಆಕ್ತಾರೆ ತಾಯಿ? ಫ್ಯಾಕ್ಟ್ರಿ ಗೊಬ್ಬರ ಎಲ್ಡು ಲೋಡು ಒಡಿಸ್ದೆ. ಕಬ್ಬಿನ ಸೋಗೆ ಎಲ್ಲಾ ಅಲ್ಲೇ ಮುಚ್ದೆ. ಓದ್ವಾರ ನೀರು ಕಟ್ದೆ.”

ಮೇಡಂ ನನ್ನ ಕಡೆ ತಿರುಗಿ ನೋಡಿದರು. ಅಷ್ಟರಲ್ಲಿ ನನಗೂ ಹೊಳೆದಿತ್ತು. ಸೋಗೆ ಕೊಳೆಯುತ್ತಿತ್ತು, ಗೊಬ್ಬರ ಕೊಳೆಯುತ್ತಿತ್ತು, ಮೇಲೆ ನೀರು ಬಿದ್ದಿತ್ತು. ಹಾಗೆ ಕೊಳೆಯುವ ಮಣ್ಣಿನಿಂದ ಇಂಗಾಲದ ಡೈಆಕ್ಸೈಡ್ ಬರದೆ ಇನ್ನೇನು ಬರುತ್ತದೆ? ಶಾಲೆಯ ಮಕ್ಕಳಿಗೆ ಗೊತ್ತಿರುವ ವಿಷಯ.

ಚಿಕ್ಕತಾಯಮ್ಮ ನಮ್ಮಿಬ್ಬರ ಮುಖ ನೋಡಿ ಅರ್ಥ ಮಾಡಿಕೊಂಡಳು. “ನೆಲ ಅಂದ್ಮ್ಯಾಲೆ ಉಸ್ರಾಡ್ತದೆ ಕಣಪ್ಪ. ಅದ್ಕೋಗಿ ಊರೋರ್ಗೆಲ್ಲಾ ನೀರಿಲ್ದಂಗೆ ಮಾಡುದ್ಯಲ್ಲ, ನೀನು ಎಂಥಾ ಓದ್ದೋನು?”

ಮೇಡಂ ನನ್ನನ್ನು ಬಯ್ಯಲಿಲ್ಲ. ಒಂದೇ ಮಾತು ಹೇಳಿದರು. “ಎಚ್ಚರಿಕೆ ತಗೊಂಡಿದ್ದು ತಪ್ಪಲ್ಲ. ಕೇಳದೆ ತಗೊಂಡ್ರಿ ನೋಡಿ, ಅದು ತಪ್ಪು. ಈಗ ಪ್ರತಿ ಮನೆಗೂ ಹೋಗಿ ಯಾಕೆ ಬೀಗ ಹಾಕಿಸಿದ್ರಿ, ಯಾಕೆ ತೆಗೀತಿದೀರಿ ಅಂತ ಹೇಳಿ ಬನ್ನಿ. ನಾನೂ ಬರ್ತೀನಿ.”

ಹೋದೆವು. ಎಲ್ಲ ಮನೆಗೂ. ಕೆಲವರು ಬೈದರು, ಕೆಲವರು ಕಾಫಿ ಕೊಟ್ಟರು. ತಪ್ಪು ನನ್ನದಾದರೂ ಪ್ರತಿ ಹೊಸ್ತಿಲಲ್ಲಿ ಮೊದಲ ಮಾತು ಆಡಿದ್ದು ಮೇಡಂ, “ನಮ್ಮಿಂದ ತಪ್ಪಾಯ್ತು” ಎಂದು. ನನ್ನ ಅಷ್ಟೂ ನೌಕರಿಯಲ್ಲಿ ಮೇಲಧಿಕಾರಿಯೊಬ್ಬರು ಕೈಕೆಳಗಿನವನ ತಪ್ಪಿಗೆ ‘ನಮ್ಮಿಂದ’ ಎಂದದ್ದನ್ನು ನಾನು ಕೇಳಿದ್ದು ಅದೇ ಮೊದಲು.

ವರ್ಷ ಕಳೆಯಿತು. ನೆಲದ ಉಸಿರಿನ ಲೆಕ್ಕ ಬೇಸಿಗೆಗೆ ಒಂದು, ಮಳೆಗೆ ಒಂದು, ನೀರು ಕಟ್ಟಿದ ವಾರಕ್ಕೆ ಒಂದು ಎಂದು ಸಿಕ್ಕಿತು. ಪರೀಕ್ಷೆಗೆಂದು ಕೊರೆದು ತೆಗೆದ ಕಪ್ಪು ಕಲ್ಲಿನ ತುಂಡುಗಳು ಗಟ್ಟಿಯಾಗಿದ್ದವು. ಬಿರುಕುಗಳು ಇದ್ದವು, ಆದರೆ ಆಳದಲ್ಲೇ ಹರಡಿಕೊಂಡಿದ್ದವು, ಮೇಲಕ್ಕೆ ಬರುವಂಥವು ಕಾಣಲಿಲ್ಲ. ನನಗೆ ಖುಷಿಯಾಗಿತ್ತು. ನಮ್ಮ ಮಂಡ್ಯದ ನೆಲಕ್ಕೆ ಇಂಥದೊಂದು ಹೆಸರು ಬರುತ್ತದಲ್ಲ ಎಂಬ ಆಸೆ.

ಮೇಡಂ ಮಾತ್ರ ತಲೆಯಾಡಿಸಿದರು. “ಕಲ್ಲಿನ ಭಯ ನನಗಿಲ್ಲ ಗೌಡ್ರೇ. ಅದು ಎಷ್ಟೋ ಕಾಲದಿಂದ ಬಾಯಿ ಮುಚ್ಕೊಂಡು ಕೂತಿದೆ. ನಾವು ಕೊರೆದ ತೂತುಗಳ ಭಯ. ಈ ಸುತ್ತಿನಲ್ಲಿ ಎಷ್ಟು ಬೋರ್‌ವೆಲ್ ಇದೆ, ಎಷ್ಟು ಆಳ ಇದೆ, ಒಂದೊಂದೂ ಬೇಕು. ನೀರು ಬರದೆ ಬಿಟ್ಟವು ಮೊದಲು.”

ಇದು ಸುಲಭದ ಮಾತಲ್ಲ. ನೀರು ಬಂದ ಬೋರ್‌ವೆಲ್‌ಗೆ ಮೋಟಾರಿರುತ್ತದೆ, ಕರೆಂಟಿನ ಮೀಟರಿರುತ್ತದೆ, ಯಾರಾದರೂ ತೋರಿಸುತ್ತಾರೆ. ಬಾರದವು ಯಾರಿಗೂ ಬೇಡ. ಮೇಲೊಂದು ಕಲ್ಲು ಎಳೆದು ಮರೆತುಬಿಡುತ್ತಾರೆ. ಮಳವಳ್ಳಿಯ ಕಚೇರಿಗಳಲ್ಲಿ ಹಳೆಯ ಕಡತ ತೆಗೆಸಿ ಧೂಳು ಕುಡಿದೆ. ಗೆದ್ದಲು ತಿಂದು ಬಿಟ್ಟದ್ದನ್ನು ಪಟ್ಟಿ ಮಾಡಿದೆ. ಆಮೇಲೆ ಕಬ್ಬಿಣ ಹುಡುಕುವ ಯಂತ್ರ ಹೊತ್ತು ಗದ್ದೆಗದ್ದೆ ನಡೆದೆವು. ಬೋರ್‌ವೆಲ್ಲಿನ ಬಾಯಲ್ಲಿ ಮಣ್ಣು ಕುಸಿಯದಂತೆ ಇಳಿಸುವ ಕಬ್ಬಿಣದ ಕೊಳವೆಗೆ ಕೇಸಿಂಗ್ ಎನ್ನುತ್ತಾರೆ. ಅದು ಎಲ್ಲಿದ್ದರೂ ಯಂತ್ರ ಕೂಗುತ್ತದೆ. ಕೂಗಿದ ಕಡೆಯೆಲ್ಲ ಗುರುತು ಹಾಕಿದೆವು. ಅವೆಲ್ಲ ಕಪ್ಪು ಕಲ್ಲಿನ ಪಟ್ಟಿಗಿಂತ ಬಹಳ ಮೇಲೆಯೇ ನಿಂತಿದ್ದ ಸಣ್ಣ ಬಾವಿಗಳು. ‘ಕಪ್ಪು ಕಲ್ಲನ್ನು ಮುಟ್ಟಿದ ಹಳೆಯ ಬೋರ್‌ವೆಲ್ ಒಂದೂ ಇಲ್ಲ’ ಎಂದು ನಾನು ಪುಟ ಬರೆದು, ಸಹಿ ಹಾಕಿ, ಮೇಡಂ ಮುಂದೆ ಇಟ್ಟೆ.

ಅವರು ಪೆನ್ನು ತೆಗೆಯಲಿಲ್ಲ. “ಇದನ್ನ ನಿಮಗೆ ಯಾರು ಹೇಳಿದ್ರು?”

“ಕಡತ ಹೇಳ್ತು ಮೇಡಂ. ಯಂತ್ರ ಹೇಳ್ತು.”

“ಕೊರೆದವರನ್ನ ಕೇಳಿದ್ರಾ?”

ಕೇಳಿರಲಿಲ್ಲ. ಮೂವತ್ತು ವರ್ಷದ ಹಿಂದೆ ಆ ಸೀಮೆಯಲ್ಲಿ ಬೋರ್‌ವೆಲ್ ಲಾರಿ ಓಡಿಸಿ ಕೊರೆದವರು ಈಗ ಎಲ್ಲಿದ್ದಾರೋ ಯಾರಿಗೆ ಗೊತ್ತು? ಆದರೆ ಮಳವಳ್ಳಿಯ ಬಸ್ ನಿಲ್ದಾಣದ ಹೋಟೆಲಿನಲ್ಲಿ ವಿಚಾರಿಸಿದರೆ ಎರಡನೆಯ ದಿನಕ್ಕೇ ಗೊತ್ತಾಯಿತು. ಮರಿಸ್ವಾಮಿ ಎಂದು ಒಬ್ಬರಿದ್ದಾರೆ, ಲಾರಿ ಬಿಟ್ಟು ಬಹಳ ವರ್ಷವಾಯಿತು, ಈಗ ಸೈಕಲ್ ಶಾಪಿನ ಪಕ್ಕ ಮೋಟಾರು ವೈಂಡಿಂಗ್ ಮಾಡಿಕೊಂಡಿದ್ದಾರೆ.

ತೆಳ್ಳಗಿನ ಮನುಷ್ಯ. ಯಂತ್ರದ ಸದ್ದಿಗೆ ಒಂದು ಕಿವಿ ಹೋಗಿತ್ತು. ನಾವು ಬಂದ ಕೆಲಸ ಹೇಳಿದಾಗ ನನ್ನನ್ನು ಒಂದು ಗಳಿಗೆ ನೋಡಿದರು, ಆಮೇಲೆ ಮೇಡಂ ಕಡೆ ತಿರುಗಿದರು.

“ನಂಬರ್ರು ಗಿಂಬರ್ರು ಗೊತ್ತಿಲ್ಲ ಮೇಡಮ್ನೋರೆ. ಜಾಗ ಗೊತ್ತದೆ. ಧೂಳು ಯಾವ ಬಣ್ಣ ಬಂತು, ಯಾರ ಮನೆಯಿಂದ ಊಟ ಬಂತು, ಅಷ್ಟು ಗ್ಯಾನ ಅದೆ.”

ಮಾರನೆಯ ದಿನ ಅವರ ಟಿವಿಎಸ್ ಮುಂದೆ, ನಮ್ಮ ಜೀಪು ಹಿಂದೆ. ಆ ದಿನ ನಾನು ನೋಡಿದ್ದನ್ನು ಯಾವ ಕಾಲೇಜಿನಲ್ಲೂ ಕಲಿಸುವುದಿಲ್ಲ. ಒಂದು ಕೊಟ್ಟಿಗೆಯ ಮುಂದೆ ಗಾಡಿ ನಿಲ್ಲಿಸಿ, “ಈ ಅಸಾ ಕಟ್ಟಿರೋ ಗೂಟದಡೀಲಿ ಒಂದು” ಎನ್ನುತ್ತಿದ್ದರು. ಮನೆಯವರು ಇಲ್ಲವೆನ್ನುತ್ತಿದ್ದರು. ಒಳಗಿನಿಂದ ಯಾರೋ ಅಜ್ಜಿ ಬಂದು “ಊಂ ಕಣ್ಲಾ, ಇತ್ತು” ಎನ್ನುತ್ತಿದ್ದರು. ನೆಲ ಕೆದಕಿದರೆ ಇರುತ್ತಿತ್ತು. ಶಾಲೆಯ ಆವರಣದಲ್ಲಿ ಒಂದು, ಅರಳಿಕಟ್ಟೆಯ ಹಿಂದೆ ಒಂದು. ನನ್ನ ಪಟ್ಟಿಯಲ್ಲಿ ಇಲ್ಲದವನ್ನು ಸಂಜೆಯೊಳಗೆ ಒಂದು ಪುಟ ತುಂಬುವಷ್ಟು ತೋರಿಸಿದರು.

“ನಮ್ಮ ಯಂತ್ರಕ್ಕೆ ಇವು ಯಾಕೆ ಸಿಗ್ಲಿಲ್ಲ ಮರಿಸ್ವಾಮಣ್ಣ?” ಎಂದು ಕೇಳಿದೆ.

“ನೀರು ಬರ್ನಿಲ್ಲ ಅಂದ್ರೆ ಕೇಸಿಂಗ್ ಕಿತ್ಕಂಡು ಓಯ್ತಿದ್ವಿ ಸಾ, ಇನ್ನೊಂದ್ ಕಡೀಕೆ ಆಯ್ತದೆ ಅಂತ. ಕಬ್ಬುಣನೇ ಇಲ್ದಿದ್ರೆ ನಿಮ್ಮ ಮಿಸನ್ನು ಏನಂತ ಕೂಗ್ತದೆ?”

ಬೋರ್‌ವೆಲ್ ಕೆಲಸದಲ್ಲೇ ಕೂದಲು ಬೆಳ್ಳಗಾದ ನನಗೆ ಇದು ಗೊತ್ತಿರಬೇಕಿತ್ತು. ಗೊತ್ತೂ ಇತ್ತು. ಯಂತ್ರ ಕೈಗೆ ಬಂದ ಮೇಲೆ ಮರೆತಿದ್ದೆ.

ಕೊನೆಗೆ ಚಿಕ್ಕತಾಯಮ್ಮನ ಗದ್ದೆಗೆ ಬಂದೆವು. ಕಟಾವು ಮುಗಿದು ಕೂಳೆ ಮಾತ್ರ ಇತ್ತು. ಆಕೆ ಆ ಗದ್ದೆಯನ್ನು ಬೇರೆಯವರಿಂದ ಕೊಂಡು ಹತ್ತು ಹನ್ನೆರಡು ವರ್ಷವಾಗಿತ್ತು, ಹಿಂದಿನದು ಆಕೆಗೆ ತಿಳಿಯದು. ಮರಿಸ್ವಾಮಣ್ಣ ಬದುವಿನಿಂದ ಹೆಜ್ಜೆ ಹಾಕುತ್ತ ಹೋಗಿ, ಒಂದು ಕಡೆ ನಿಂತು, ಹಿಂದೆ ಮುಂದೆ ನೋಡಿ, ಮತ್ತೆ ನಾಲ್ಕು ಹೆಜ್ಜೆ ಹೋಗಿ ಚಪ್ಪಲಿ ಬಿಟ್ಟರು.

“ಇಲ್ಲಿ. ನಾನು ಕೊರ್ದಿದ್ರಲ್ಲೆಲ್ಲಾ ಭಾರಿ ಆಳ ಓದದ್ದು ಇದೇಯ. ಮೊದ್ಲು ಬಿಳೀ ಧೂಳು ಬಂತು, ಆಮೇಕೆ ಬೂದಿ ಬಣ್ಣ. ಕಡೀಕೆ ಅಸ್ರುಗೆ ಬಂತು, ಪಾಚಿ ತರ. ನೀರು ಒಂದು ತೊಟ್ಟೂ ಇಲ್ಲ.”

ಹಸಿರು ಧೂಳು ಎಂದರೆ ನಮ್ಮ ಕಪ್ಪು ಕಲ್ಲಿನ ಪಟ್ಟಿ. ಆದರೂ ಒಪ್ಪಲು ಮನಸ್ಸಿಲ್ಲ. “ಅಣ್ಣ, ಆ ಕಾಲದ ಲಾರಿ ಅಷ್ಟು ಆಳ ಹೋಗ್ತಿರಲಿಲ್ಲ. ನಿಮಗೆ ಬೇರೆ ಊರಿನದು ನೆನಪಾಗ್ತಿರಬೇಕು” ಎಂದೆ.

ಅವರು ವಾದ ಮಾಡಲಿಲ್ಲ. ಚಿಕ್ಕತಾಯಮ್ಮನನ್ನು ಗುದ್ದಲಿ ಕೇಳಿದರು. ಆಕೆ, “ಅಗೀರಪ್ಪ, ಏನಿದ್ದದೋ ನಾನೂ ನೋಡ್ತೀನಿ” ಎಂದು ತಾನೂ ಒಂದು ಹಾರೆ ತಂದಳು. ಮೊಣಕಾಲುದ್ದ ಅಗೆದಾಗ ಠಣ್ ಎಂದಿತು. ಮಣ್ಣು ಸರಿಸಿದರೆ ಚಪ್ಪಡಿ. ನಾಲ್ಕು ಜನ ಸೇರಿ ಮಗುಚಿದೆವು. ಕೆಳಗೆ ದುಂಡನೆಯ ಬಾಯಿ, ಅಂಗೈ ಅಗಲಕ್ಕಿಂತ ಒಂದಿಷ್ಟು ದೊಡ್ಡದು. ಮರಿಸ್ವಾಮಣ್ಣ ಒಂದು ಸಣ್ಣ ಕಲ್ಲು ಬಿಟ್ಟರು. ನಾವೆಲ್ಲ ಬಗ್ಗಿ ಕಿವಿಗೊಟ್ಟೆವು. ಬಹಳ ಹೊತ್ತಾದ ಮೇಲೆ, ಎಲ್ಲೋ ಆಳದಿಂದ, ಇಷ್ಟು ವರ್ಷಗಳಲ್ಲಿ ಒಸರಿ ನಿಂತಿದ್ದ ನೀರಿನ ಸದ್ದು ಬಂತು.

ಮೇಡಂ ಹಗ್ಗಕ್ಕೆ ಕ್ಯಾಮೆರಾ ಕಟ್ಟಿಸಿ ಇಳಿಸಿದರು. ಪರದೆಯ ಮೇಲೆ ಬಿಳಿ ಕಲ್ಲು ಹಾದುಹೋಯಿತು, ಬೂದು ಕಲ್ಲು ಹಾದುಹೋಯಿತು, ಕೊನೆಗೆ ಕಡುಹಸಿರು ಬಂತು. ಮರಿಸ್ವಾಮಣ್ಣ ಹೇಳಿದ ಅದೇ ಕ್ರಮದಲ್ಲಿ. ಮೂವತ್ತು ವರ್ಷದ ಹಿಂದಿನ ಧೂಳಿನ ಬಣ್ಣ ಆ ಮನುಷ್ಯನಿಗೆ ಒಂದೂ ತಪ್ಪಿರಲಿಲ್ಲ. ನನ್ನ ಪುಟದಲ್ಲಿ ‘ಒಂದೂ ಇಲ್ಲ’ ಎಂದಿದ್ದ ಜಾಗದಲ್ಲಿ, ಕುಡಿಯುವ ನೀರಿನ ಬೋರ್‌ವೆಲ್ಲಿನಿಂದ ಕೂಗಿದರೆ ಕೇಳುವಷ್ಟು ದೂರದಲ್ಲಿ, ನಾವು ಅನಿಲ ಇಡಬೇಕೆಂದಿದ್ದ ಕಲ್ಲಿಗೇ ನೇರವಾಗಿ ಇಳಿದ ತೂತು ಬಾಯಿ ತೆರೆದುಕೊಂಡಿತ್ತು.

ನಾನು ಮರಿಸ್ವಾಮಣ್ಣನ ಹತ್ತಿರ ಹೋಗಿ, “ನನ್ನಿಂದ ತಪ್ಪಾಯ್ತು ಅಣ್ಣ. ಇಷ್ಟು ಆಳ ಕೊರೆಸಿದ ಪುಣ್ಯಾತ್ಮ ಯಾರು?” ಎಂದೆ.

ಅವರು ಮೇಡಂ ದೂರ ಇದ್ದಾರೆಂದು ಖಚಿತ ಮಾಡಿಕೊಂಡು ಮೆಲ್ಲಗೆ ಹೇಳಿದರು. “ಪಾಯಿಂಟು ಕೊಟ್ಟೋರು ನೀವೇ ಸಾ. ಮೀಸೆ ಇತ್ತು ಆಗ ನಿಮ್ಗೆ. ನಿಲ್ಲಿಸ್ಬುಡನ ಅಂದೆ ನಾನು. ಇನ್ನೂ ಓಗ್ಲಿ, ಇನ್ನೂ ಓಗ್ಲಿ ಅಂದ್ರಿ. ನಿನ್ನೆ ಶಾಪಲ್ಲೇ ಗುರ್ತು ಸಿಕ್ತು. ಮೇಡಮ್ನೋರ ಮುಂದೆ ಯಾಕೆ ಅಂತ ಸುಮ್ಕಾದೆ.”

ನಾನು ಅಲ್ಲೇ ಕೂಳೆಯ ಮೇಲೆ ಕೂತುಬಿಟ್ಟೆ. ನೆನಪು ತಡೆದು ತಡೆದು ಬಂತು. ಹೊಸದಾಗಿ ಕೆಲಸಕ್ಕೆ ಸೇರಿದ ವರ್ಷ. ನನ್ನ ಲೆಕ್ಕ ತಪ್ಪಿತೆಂದು ಒಪ್ಪಲಾಗದ ಹಟ. ಸಂಜೆಯಾದರೂ ‘ಇನ್ನೊಂದು ಪೈಪು ಬಿಡಿ’ ಎನ್ನುತ್ತಿದ್ದವನು ನಾನೇ. ನೀರು ಬಾರದೆ ಹೋದಾಗ ಗದ್ದೆಯ ಯಜಮಾನನ ಮುಖ ನೋಡಲಾರದೆ ಮಂಡ್ಯದ ಬಸ್ಸು ಹತ್ತಿದವನೂ ನಾನೇ. ಆ ಊರಿನ ಹೆಸರನ್ನೇ ಮನಸ್ಸಿನಿಂದ ತೆಗೆದುಹಾಕಿದ್ದೆ. ಕಡತದಲ್ಲಿ ಯಾಕಿರಲಿಲ್ಲ ಎಂಬುದೂ ಈಗ ತಿಳಿಯಿತು. ಬರೆಯಬೇಕಾಗಿದ್ದವನು ನಾನು.

ಮುಚ್ಚಿಡಬಹುದಿತ್ತು. ಮರಿಸ್ವಾಮಣ್ಣ ಬಾಯಿ ಬಿಡುತ್ತಿರಲಿಲ್ಲ. ಆದರೆ ಪ್ರತಿ ಹೊಸ್ತಿಲಲ್ಲಿ ‘ನಮ್ಮಿಂದ ತಪ್ಪಾಯ್ತು’ ಎಂದಿದ್ದ ಹೆಂಗಸಿನ ಮುಂದೆ ಮುಚ್ಚಿಡಲು ಮನಸ್ಸು ಬರಲಿಲ್ಲ. ಎದ್ದು ಹೋಗಿ ಎಲ್ಲ ಹೇಳಿದೆ.

ಮೇಡಂ ಪೂರ್ತಿ ಕೇಳಿದರು. “ಒಳ್ಳೇದಾಯ್ತು” ಎಂದರು. ನನಗೆ ಅರ್ಥವಾಗಲಿಲ್ಲ. “ಯಾವ ಕಡತದಲ್ಲೂ ಇಲ್ಲದ ಬಾವಿಗೆ ಈಗ ಇಬ್ಬರು ಸಾಕ್ಷಿ ಸಿಕ್ಕಿದ್ರು. ಗುರುತು ಹಾಕಿದೋರು ಒಬ್ರು, ಕೊರೆದೋರು ಒಬ್ರು. ಆ ಹಳೇ ಪುಟ ಹರೀಬೇಡಿ ಗೌಡ್ರೇ. ಅದರ ಜೊತೆಗೇ ಹೊಸ ಪುಟ ಸೇರಿಸಿ, ಹೇಗೆ ತಪ್ಪಿತು ಅಂತ ಬರೀರಿ. ಮುಂದೆ ಓದೋರಿಗೆ ಅದೇ ಬೇಕಾಗೋದು.”

ಹಾಗೇ ಬರೆದೆ. ನನ್ನ ವೃತ್ತಿಯಲ್ಲಿ ನಾನು ಬರೆದ ಒಳ್ಳೆಯ ಪುಟ ಯಾವುದೆಂದು ಕೇಳಿದರೆ ಅದನ್ನೇ ತೋರಿಸುತ್ತೇನೆ.

ಆಮೇಲೆ, ಆ ಬಾವಿಗೂ ಕುಡಿಯುವ ನೀರಿಗೂ ನಂಟಿದೆಯೇ ಎಂದು ನೋಡಲು, ಬಣ್ಣದ ಪರೀಕ್ಷೆ. ಊರಿನವರಿಗೆ ಮೊದಲೇ ಹೇಳಿ, ಕುಡಿಯಲು ಟ್ಯಾಂಕರ್ ನೀರಿನ ವ್ಯವಸ್ಥೆ ಮಾಡಿ, ಹಳೆಯ ಬಾವಿಗೆ ಅಪಾಯವಿಲ್ಲದ ಹಸಿರು ಬಣ್ಣ ಕರಗಿಸಿದ ನೀರು ಬಿಟ್ಟೆವು. ಊರಿನ ಬೋರ್‌ವೆಲ್ ಮೋಟಾರು ಓಡಿಸಿ ದಿನಾ ಒಂದೊಂದು ಬಾಟಲಿ ಹಿಡಿದೆವು. ಮೊದಲ ದಿನಗಳಲ್ಲಿ ಏನೂ ಇಲ್ಲ. ನಾನು ಒಳಗೊಳಗೇ ಬೇಡಿಕೊಳ್ಳುತ್ತಿದ್ದೆ, ಬಾರದಿರಲಿ ಎಂದು. ಆ ವಾರ ಮುಗಿಯುವ ಹೊತ್ತಿಗೆ ಬಾಟಲಿಗೆ ದೀಪ ಹಿಡಿದರೆ ತಿಳಿಹಸಿರು. ಹಳೆಯ ಬಾವಿಯ ನೀರು ಮೇಲಿನ ಕಲ್ಲಿನ ಬಿರುಕಿನಲ್ಲಿ ಹಾದು ಕುಡಿಯುವ ನೀರಿಗೆ ಸೇರುತ್ತಿತ್ತು. ನನ್ನ ಆ ಪುಟ ನಂಬಿ ಅನಿಲ ಇಳಿಸಿದ್ದರೆ ಹುಳಿನೀರು ಬರುತ್ತಿದ್ದದ್ದೂ ಅದೇ ದಾರಿಯಲ್ಲಿ.

ಶಾಲೆಯ ಹಜಾರದಲ್ಲಿ ಊರ ಸಭೆ ಕರೆದು, ಆ ಬಾವಿ ಕೊರೆಸಿ ಮರೆತವನು ನಾನೇ ಎಂಬುದನ್ನೂ ಸೇರಿಸಿ ಎಲ್ಲ ಹೇಳಿದೆವು. ಕಾರ್ಖಾನೆಯ ಕಡೆಯಿಂದ ಒಬ್ಬ ಅಧಿಕಾರಿ ಬಂದಿದ್ದರು, ಸಭ್ಯ ಮನುಷ್ಯ, ಈ ಯೋಜನೆಯಿಂದ ಒಳ್ಳೆಯದಾಗುತ್ತದೆಂದು ನಿಜವಾಗಿ ನಂಬಿದ್ದವರು. ಅವರು ಎದ್ದು, ಆ ಒಂದು ಬಾವಿಯನ್ನು ಸಿಮೆಂಟಿನಿಂದ ಮುಚ್ಚಿ, ವರ್ಷವರ್ಷವೂ ನೀರು ಪರೀಕ್ಷಿಸುತ್ತ ಹೋದರೆ ಮುಂದುವರಿಯಬಹುದಲ್ಲವೇ ಎಂದರು. ಮಾತು ತರ್ಕಬದ್ಧವಾಗಿಯೇ ಇತ್ತು. ಹಲವರು ತಲೆಯಾಡಿಸಿದರು.

ಹಿಂದಿನ ಸಾಲಿನಿಂದ ಚಿಕ್ಕತಾಯಮ್ಮ ಎದ್ದಳು.

“ಒಂದ್ ಮಾತು ಕೇಳ್ತೀನಿ. ಗಾಳಿ ಕಲ್ಲಾಗಗಂಟ ನೋಡ್ಕಬೇಕು ಅಂತೀರಿ. ಈ ಗೌಡ್ರು ಇನ್ನೆಲ್ಡು ವರ್ಸಕ್ಕೆ ರಿಟೇರಾಯ್ತಾರೆ. ಮೇಡಮ್ನೋರೂ ಆಯ್ತಾರೆ. ನೀವೂ ಆಯ್ತೀರಿ. ಫ್ಯಾಕ್ಟ್ರಿ ಇದ್ದದೋ ಇಲ್ವೋ. ಈ ಗೌಡ್ರು ತಾವೇ ತೋಡ್ಸಿದ್ ಬಾವೀನ ತಾವೇ ಮರ್ತವ್ರೆ. ಮುಂದ್ಕೆ ಇದ್ನ ಗ್ಯಾನ ಮಡಿಕಳೋರು ಯಾರು?”

ಎಲ್ಲರೂ ಮೇಡಂ ಕಡೆ ನೋಡಿದರು. ಅವರಿಗೆ ಉತ್ತರಗಳು ಗೊತ್ತಿದ್ದವು. ಸಮಿತಿ, ನಿಯಮ, ಒಪ್ಪಂದ, ಏನು ಬೇಕಾದರೂ ಹೇಳಬಹುದಿತ್ತು.

“ಗೊತ್ತಿಲ್ಲ ಅಮ್ಮ” ಎಂದರು. “ಇವತ್ತಿಗೆ ಅದಕ್ಕೆ ಯಾರನ್ನೂ ನೇಮಿಸಿಲ್ಲ. ನೇಮಿಸೋವರೆಗೂ ಇಲ್ಲಿ ಒಂದು ಲೋಟ ಸೋಡಾನೀರೂ ಇಳಿಸಬಾರದು ಅಂತ ನಾನು ಬರೀತೀನಿ. ನೇಮಿಸಿದ್ರೂ ಈ ಜಾಗ ಬೇಡ ಅಂತಾನೂ ಬರೀತೀನಿ. ಒಂದು ಬಾವಿ ಸಿಕ್ಕಿದೆ. ಸಿಗದೆ ಇರೋದು ಎಷ್ಟಿದೆಯೋ ನನಗೆ ಗೊತ್ತಿಲ್ಲ.”

ಅಷ್ಟು ಓದಿದವರೊಬ್ಬರು ತುಂಬಿದ ಸಭೆಯಲ್ಲಿ ಎರಡು ಸಲ ಗೊತ್ತಿಲ್ಲ ಎಂದದ್ದನ್ನು ಕೇಳಿ ನನಗೆ ಕಣ್ಣು ತುಂಬಿ ಬಂತು. ಚಿಕ್ಕತಾಯಮ್ಮ ಮಾತ್ರ, “ಅಂಗೆ ಯೋಳಿ ಮತ್ತೆ” ಎಂದು ಸಮಾಧಾನವಾಗಿ ಕೂತಳು.

ವರದಿ ಹೋಯಿತು. ಕರಿಕಲ್ಲುಕೊಪ್ಪಲು ಬೇಡವೆಂದಾಯಿತು. ಮೂರು ವರ್ಷದ ಕೆಲಸ ನೀರಿಗೆ ಹಾಕಿದ ಹಾಗಾಯಿತು ಎಂದು ಮೇಡಂ ಬೆನ್ನ ಹಿಂದೆ ಆಡಿಕೊಂಡವರಿದ್ದರು. ನೆಲದಲ್ಲಿ ಅನಿಲ ಇಡುವುದೇ ತಪ್ಪೆಂದು ಅವರು ಎಂದೂ ಹೇಳಲಿಲ್ಲ, ನಾನೂ ಹೇಳುವುದಿಲ್ಲ. ಸರಿಯಾದ ಜಾಗ ಇರಬಹುದು, ಹುಡುಕುತ್ತಿದ್ದಾರೆ, ಹುಡುಕಬೇಕು. ಆಕಾಶಕ್ಕೆ ಬಿಟ್ಟರೆ ಏನಾಗುತ್ತದೆಂದು ಗೊತ್ತಿರುವುದರಿಂದಲೇ ಈ ಕೆಲಸ ಹುಟ್ಟಿದ್ದು. ಇಲ್ಲಿ ಬೇಡ ಎಂದು ಕಂಡುಹಿಡಿದದ್ದೂ ಕೆಲಸವೇ. ಆ ಊರಿನ ನೀರು ಇವತ್ತಿಗೂ ಕುಡಿಯುವ ಹಾಗಿದೆ.

ತೂತು ಎಂದು ತಿಳಿದ ಮೇಲೆ ತೆರೆದಿಟ್ಟು ಹೋಗುವ ಹಾಗಿಲ್ಲ ಎಂದು ಮೇಡಂ ಹಟ ಹಿಡಿದು ಮುಚ್ಚಲು ಮಂಜೂರಾತಿ ತಂದರು. ಮರಿಸ್ವಾಮಣ್ಣ ತೋರಿಸಿದ್ದವನ್ನೆಲ್ಲ ಒಂದೊಂದಾಗಿ ಮುಚ್ಚುತ್ತ ಬಂದೆವು. ಆಳದ ಬಾವಿಯದು ಕೊನೆಯ ಸರದಿ. ತಳದವರೆಗೆ ಕೊಳವೆ ಇಳಿಸಿ, ಕೆಳಗಿನಿಂದ ಮೇಲಕ್ಕೆ ಸಿಮೆಂಟು ತುಂಬಿಸುತ್ತ ಬರಬೇಕು. ಮೇಲಿನಿಂದ ಸುರಿದರೆ ನಡುವೆ ಪೊಳ್ಳು ಉಳಿಯುತ್ತದೆ. ಬೆಳಿಗ್ಗೆಯಿಂದ ಶುರುವಾದದ್ದು ಮಧ್ಯಾಹ್ನ ದಾಟಿತು. ಮರಿಸ್ವಾಮಣ್ಣ ಊಟಕ್ಕೂ ಏಳದೆ, ಕೇಳಿಸುವ ಕಿವಿಯನ್ನು ಕೊಳವೆಗೆ ಹಚ್ಚಿ ಕೂತಿದ್ದರು. ಕೊನೆಗೆ ಬಾಯಿಯವರೆಗೆ ತುಂಬಿದಾಗ ತಮ್ಮ ಅಂಗೈಯಿಂದಲೇ ಸವರಿ ಮಟ್ಟ ಮಾಡಿದರು.

“ಆಯಸ್ಸೆಲ್ಲಾ ಕೊರ್ದಿದ್ದೇ ಕೊರ್ದಿದ್ದು ಸಾ. ಮುಚ್ಚಿದ್ದು ಇದೇ ಮೊದ್ಲು” ಎಂದರು.

ಮೇಡಂ ವರದಿಯ ಕೊನೆಯ ಪ್ರತಿ ತಂದಿದ್ದರು. ಬಾವಿಗಳ ಪಟ್ಟಿಯ ಪುಟ ತೆಗೆದು ಅವರಿಗೆ ತೋರಿಸಿದರು. ಮೇಲ್ಗಡೆ ‘ಮಾಹಿತಿ ನೀಡಿದವರು: ಮರಿಸ್ವಾಮಿ, ಬೋರ್‌ವೆಲ್ ಕೊರೆದವರು, ಮಳವಳ್ಳಿ’ ಎಂದಿತ್ತು. ಅದರ ಕೆಳಗಿನ ಸಾಲಿನಲ್ಲಿ ನನ್ನ ಹೆಸರು. ಅವರು ಕೈ ತೊಳೆದು ಬಂದು, ಒರೆಸಿಕೊಂಡು, ಬೆರಳಿಟ್ಟು ಅಕ್ಷರ ಅಕ್ಷರವಾಗಿ ಓದಿದರು. ಇನ್ನೊಂದು ಸಲ ಓದಿದರು.

ಚಿಕ್ಕತಾಯಮ್ಮ ಬದುವಿನ ಮೇಲೆ ಎಲ್ಲರಿಗೂ ಟೀ ತಂದಳು. ದಣಿದಿದ್ದೆವು, ಕೆಲಸ ಮುಗಿಯಿತೆಂಬ ನೆಮ್ಮದಿಯಲ್ಲಿ ಕೂತಿದ್ದೆವು. ಮರಿಸ್ವಾಮಣ್ಣ ಮಾತ್ರ ಲೋಟ ಹಿಡಿದುಕೊಂಡು ಎದುರಿನ ಹಿಪ್ಪುನೇರಳೆ ತೋಟದ ಕಡೆಗೇ ನೋಡುತ್ತಿದ್ದರು. ಏನೋ ಲೆಕ್ಕ ಹಾಕುವವರಂತೆ ಹುಬ್ಬು ಗಂಟಿಕ್ಕಿತ್ತು.

“ಮೇಡಮ್ನೋರೆ” ಎಂದರು. “ಅಲ್ಲಿ ಇನ್ನೊಂದ್ ಇತ್ತು ಅನ್ಸ್ತಾ ಅದೆ.”

ಮೇಡಂ ಅರ್ಧ ಕುಡಿದ ಲೋಟವನ್ನು ಕೆಳಗಿಟ್ಟು, ಅಂಗಿಯ ತೋಳು ಮಡಿಸುತ್ತ ಎದ್ದರು.

“ನಡೀರಿ ಅಣ್ಣ, ತೋರಿಸಿ.”